ಚಮಚವೂ ಇರಲಿ, ಮಗುವಿನ ಕೈಯೂ ಇರಲಿ: ಆರನೇ ತಿಂಗಳಿಂದ ಗಟ್ಟಿ ಆಹಾರ ಕೊಡುವ ಸಮಗ್ರ ಮಾರ್ಗದರ್ಶಿ

ಮಗುವಿಗೆ ಗಟ್ಟಿ ಆಹಾರ ಶುರುಮಾಡುವ ಹೊತ್ತಿಗೆ ಎರಡು ಬಗೆಯ ಸಲಹೆ ಕಿವಿಗೆ ಬೀಳುತ್ತದೆ. ನುಣ್ಣಗೆ ಕಿವುಚಿ ಚಮಚದಲ್ಲಿ ಉಣಿಸಿ ಎನ್ನುವವರು ಒಂದು ಕಡೆ. ಚಮಚವೇ ಬೇಡ, ತುಂಡುಗಳನ್ನು ಮುಂದಿಡಿ, ಮಗುವೇ ಎತ್ತಿ ತಿನ್ನಲಿ ಎನ್ನುವವರು ಇನ್ನೊಂದು ಕಡೆ. ಎರಡನ್ನೂ ಬೆರೆಸಿದರೆ ಮಗು ಗೊಂದಲಕ್ಕೆ ಬೀಳುತ್ತದೆ ಎಂದು ಇಬ್ಬರೂ ಹೆದರಿಸುವುದುಂಟು. ಈ ಹೆದರಿಕೆಗೆ ಆಧಾರವಿಲ್ಲ. ಒಂದೇ ಊಟದಲ್ಲಿ ಚಮಚದಿಂದಲೂ ಕೈಯಿಂದಲೂ ತಿನ್ನುವುದನ್ನು ಮಕ್ಕಳು ಸಲೀಸಾಗಿ ಕಲಿಯುತ್ತಾರೆ.

ಕಲಿಯಲು ತೊಡಕಾಗುವುದು ದೊಡ್ಡವರ ನಡವಳಿಕೆ ಎರಡು ತೆರನಾದಾಗ. ತುಂಡು ಮುಂದಿಟ್ಟಾಗ ಮಗುವನ್ನು ಅದರ ಪಾಡಿಗೆ ಬಿಟ್ಟು, ಚಮಚ ಹಿಡಿದಾಗ ಮಾತ್ರ ಒತ್ತಾಯ ಮಾಡಿದರೆ ಕೆಲವೇ ದಿನಗಳಲ್ಲಿ ಮಗು ಚಮಚ ಕಂಡರೆ ಮುಖ ತಿರುಗಿಸುತ್ತದೆ. ಬಟ್ಟಲಲ್ಲಿ ಏನಿರಬೇಕು, ಎಷ್ಟು ಹೊತ್ತಿಗೆ ಊಟ ಎಂಬುದು ದೊಡ್ಡವರ ತೀರ್ಮಾನ. ಬಾಯಿ ತೆರೆಯಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದು ಎರಡೂ ವಿಧಾನದಲ್ಲಿ ಮಗುವಿನ ತೀರ್ಮಾನ. ಮುಂದಿನ ಹಂತಗಳೆಲ್ಲ ನಿಂತಿರುವುದು ಇದರ ಮೇಲೆ.

ಯಾವಾಗ ಶುರು

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 6 ತಿಂಗಳು ತುಂಬುವ ತನಕ ಎದೆಹಾಲು ಮಾತ್ರ. ಆಮೇಲೆ ಪೂರಕ ಆಹಾರ, ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಮುಂದೆ ಎದೆಹಾಲು. ಫಾರ್ಮುಲಾ ಹಾಲು ಕುಡಿಯುವ ಮಗುವಿಗೂ ಸರಿಸುಮಾರು ಇದೇ ಕಾಲ. ಕ್ಯಾಲೆಂಡರ್ ಜೊತೆಗೆ ಮಗುವನ್ನೂ ನೋಡಬೇಕು. ಕುತ್ತಿಗೆ ಗಟ್ಟಿ ನಿಂತಿರಬೇಕು. ಅಲ್ಪ ಆಸರೆ ಕೊಟ್ಟರೆ ಕುಸಿಯದೆ ಕೂರುವಂತಿರಬೇಕು. ಕೈಗೆ ಸಿಕ್ಕಿದ್ದನ್ನು ಗುರಿ ತಪ್ಪದೆ ಬಾಯಿಗೆ ಒಯ್ಯಬೇಕು. ಬಾಯಿಗಿಟ್ಟದ್ದನ್ನು ನಾಲಿಗೆ ತಾನಾಗಿ ಹೊರಕ್ಕೆ ನೂಕುವುದು ನಿಂತಿರಬೇಕು.

ಈ ನಾಲ್ಕೂ ಕಾಣುವ ತನಕ ಕೈಗೆ ತುಂಡು ಕೊಡಬೇಡಿ. ಆರು ತಿಂಗಳಾದರೂ ಕೂರುವುದೊಂದೇ ಹಿಂದಿದ್ದರೆ ವೈದ್ಯರನ್ನು ಕೇಳಿ, ಬೆನ್ನು ನೇರವಾಗಿರುವಂತೆ ಹಿಡಿದು ಚಮಚದಿಂದ ಆರಂಭಿಸಬಹುದು. ಎರಡೂ ಒಂದೇ ದಿನ ಶುರುವಾಗಬೇಕೆಂಬ ಕಟ್ಟಳೆ ಏನಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಲೆಕ್ಕ ಬೇರೆ. ಅದನ್ನು ವೈದ್ಯರೇ ಹೇಳಬೇಕು.

ಕೂರಿಸುವ ಬಗೆ

ಅನೇಕ ತೊಂದರೆಗಳ ಮೂಲ ಆಹಾರದಲ್ಲಿಲ್ಲ, ಕುರ್ಚಿಯಲ್ಲಿದೆ. ಮಗು ಹಿಂದಕ್ಕೆ ವಾಲಿದ್ದರೆ ತುಂಡು ಗುರುತ್ವದ ಬಲಕ್ಕೆ ಗಂಟಲಿಗೆ ಜಾರುತ್ತದೆ, ನಾಲಿಗೆಗೆ ಅದನ್ನು ತಡೆಯುವ ಅವಕಾಶವೇ ಸಿಗುವುದಿಲ್ಲ. ಸೊಂಟ, ಮೊಣಕಾಲು, ಪಾದದ ಗಂಟು ಮೂರೂ ಲಂಬ ಕೋನದಲ್ಲಿರಲಿ. ಪಾದ ಗಾಳಿಯಲ್ಲಿ ತೂಗಾಡಿದರೆ ಮಗುವಿನ ಶ್ರಮವೆಲ್ಲ ಬೀಳದಂತೆ ಕೂರುವುದಕ್ಕೇ ಹೋಗುತ್ತದೆ. ಕಾಲ್ಮಣೆ ಇಲ್ಲದ ಕುರ್ಚಿಯಾದರೆ ಪಾದದಡಿಗೆ ಗಟ್ಟಿ ಪೆಟ್ಟಿಗೆ ಇಡಿ. ಬದಿಗೆ ವಾಲುತ್ತಿದ್ದರೆ ಸೊಂಟದ ಎರಡೂ ಬದಿಗೆ ಸುತ್ತಿದ ಟವೆಲ್ ತುರುಕಿ. ತಟ್ಟೆಯ ಹಲಗೆ ಹೊಕ್ಕುಳಿಗಿಂತ ಮೇಲೆ, ಎದೆಗಿಂತ ಕೆಳಗೆ ಇರಬೇಕು. ಹೆಗಲು ಎತ್ತದೆ ಮೊಣಕೈ ಊರಲು ಬರಬೇಕು.

ದೊಡ್ಡವರ ತೊಡೆಯ ಮೇಲೂ ಕೂರಿಸಬಹುದು. ಆದರೆ ಮಗುವಿನ ಮುಖ ನಿಮಗೆ ಕಾಣುವಂತಿರಲಿ. ಬೆನ್ನು ನಿಮ್ಮ ಎದೆಗೊರಗಿಸಿ ಕೂರಿಸಿಕೊಂಡರೆ ಬಾಯಿಯೊಳಗೆ ಏನಾಗುತ್ತಿದೆ ಎಂಬುದು ತಿಳಿಯುವುದಿಲ್ಲ.

ಚಮಚಕ್ಕೆ ಯಾವುದು, ಕೈಗೆ ಯಾವುದು

ಹುಟ್ಟುವಾಗ ಮೈಯಲ್ಲಿ ಕೂಡಿಟ್ಟುಕೊಂಡ ಕಬ್ಬಿಣಾಂಶ ಆರು ತಿಂಗಳ ಹೊತ್ತಿಗೆ ಬಹುಮಟ್ಟಿಗೆ ಕರಗಿರುತ್ತದೆ, ಎದೆಹಾಲಿನಲ್ಲಿ ಅದು ಇರುವುದೇ ಕಡಿಮೆ. ಅಮೆರಿಕದ ಶಿಫಾರಸಿನಂತೆ 7ರಿಂದ 12 ತಿಂಗಳ ಮಗುವಿಗೆ ದಿನಕ್ಕೆ 11 ಮಿ.ಗ್ರಾಂ ಕಬ್ಬಿಣಾಂಶ ಬೇಕು. ವಯಸ್ಕ ಗಂಡಸಿಗೆ ಬೇಕಾಗುವುದು 8 ಮಿ.ಗ್ರಾಂ. ಇಷ್ಟು ಪುಟ್ಟ ಹೊಟ್ಟೆಗೆ ಅಷ್ಟು ದೊಡ್ಡ ಬೇಡಿಕೆ. ಕೈಯಿಂದ ಮಾತ್ರ ತಿನ್ನುವ ಮಗು ಮೊದಲ ವಾರಗಳಲ್ಲಿ ಚೀಪುವುದು, ಹಿಸುಕುವುದು, ಉದುರಿಸುವುದೇ ಹೆಚ್ಚು, ನುಂಗುವುದು ಕಡಿಮೆ. ಅದು ಕಲಿಕೆ, ಆದರೆ ಕಬ್ಬಿಣಾಂಶ ಆ ಕಲಿಕೆ ಮುಗಿಯುವ ತನಕ ಕಾಯುವುದಿಲ್ಲ.

ಹಾಗಾಗಿ ಪೋಷಕಾಂಶದ ಮುಖ್ಯ ಭಾರವನ್ನು ಚಮಚ ಹೊರಲಿ: ನುಣ್ಣಗೆ ಬೇಯಿಸಿ ಅರೆದ ಮಾಂಸ, ಮೀನು, ಮೊಟ್ಟೆ, ಬೇಳೆಕಾಳು, ಕಬ್ಬಿಣಾಂಶ ಬೆರೆಸಿದ ಧಾನ್ಯದ ಗಂಜಿ. ಸಸ್ಯಾಹಾರದ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಅದೇ ಊಟದಲ್ಲಿ ಸಿ ಜೀವಸತ್ವವಿರುವ ಹಣ್ಣು ಅಥವಾ ತರಕಾರಿ ಇದ್ದರೆ ಅದು ಹೆಚ್ಚಾಗಿ ಹತ್ತುತ್ತದೆ. ಕೈಗೆ ಆ ಹಣ್ಣು, ತರಕಾರಿಯ ತುಂಡನ್ನೇ ಕೊಟ್ಟರೆ ಎರಡೂ ಕೆಲಸ ಒಟ್ಟಿಗೆ ಆಗುತ್ತವೆ. ಕಾಲ ಕಳೆದಂತೆ ಮೊಟ್ಟೆಯ ಪಟ್ಟಿ, ಮೃದು ಮಾಂಸ, ಕಾಳಿನ ಉಂಡೆ ಕೈಗೂ ದಾಟಲಿ.

ಚಮಚದ ಆಹಾರ ನೀರಾಗಿರಬಾರದು. ಚಮಚ ಓರೆ ಮಾಡಿದರೆ ಹರಿದು ಬೀಳದೆ ಅಂಟಿಕೊಂಡು ನಿಲ್ಲುವಷ್ಟು ಮಂದವಾಗಿರಲಿ. ಮಗುವಿನ ಹೊಟ್ಟೆಯ ಹಿಡಿತ ಪ್ರತಿ ಕಿಲೋ ತೂಕಕ್ಕೆ ಸುಮಾರು 30 ಮಿ.ಲೀ.; 8 ಕಿಲೋ ಮಗುವಿಗೆ 240 ಮಿ.ಲೀ. ತೆಳು ಗಂಜಿಯಿಂದ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ನೀರಿನ ಬದಲು ಎದೆಹಾಲು ಅಥವಾ ಫಾರ್ಮುಲಾದಲ್ಲಿ ಹದ ಮಾಡಿ, ಬಟ್ಟಲಿಗೆ ಅರ್ಧ ಟೀ ಚಮಚ ಎಣ್ಣೆ ಅಥವಾ ಬೆಣ್ಣೆ ಸೇರಿಸಿ.

ತುಂಡು ಕತ್ತರಿಸುವುದು, ಬೇಯಿಸುವುದು

ಆರು, ಏಳನೇ ತಿಂಗಳಲ್ಲಿ ಮಗು ಇಡೀ ಅಂಗೈಯಿಂದ ಹಿಡಿಯುತ್ತದೆ, ಮುಷ್ಟಿಯೊಳಗಿರುವುದನ್ನು ಬಾಯಿಗೆ ತಲುಪಿಸಲು ಅದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ತುಂಡು ಮುಷ್ಟಿಯ ಮೇಲೆ ಚಾಚಿಕೊಂಡಿರಬೇಕು: ದೊಡ್ಡವರ ಬೆರಳಿನಷ್ಟು ಉದ್ದ ಮತ್ತು ದಪ್ಪ, ಅಂದರೆ 6ರಿಂದ 7 ಸೆಂ.ಮೀ. ಉದ್ದ, ಒಂದೂವರೆ ಸೆಂ.ಮೀ. ದಪ್ಪ. ಚಿಕ್ಕದಾದಷ್ಟೂ ಸುರಕ್ಷಿತ ಎಂಬ ಎಣಿಕೆ ಈ ವಯಸ್ಸಿಗೆ ತಪ್ಪು. ಚಿಕ್ಕ ತುಂಡನ್ನು ಅದು ಹಿಡಿಯಲಾರದು, ಹೇಗೋ ಬಾಯಿಗೆ ಬಿದ್ದರೆ ಅಗಿಯುವ ಮುನ್ನವೇ ಹಿಂದಕ್ಕೆ ಜಾರುತ್ತದೆ. 8ರಿಂದ 10ನೇ ತಿಂಗಳ ನಡುವೆ ಹೆಬ್ಬೆರಳು, ತೋರುಬೆರಳಿನಿಂದ ಚಿವುಟಿ ಎತ್ತುವುದು ಬಂದಾಗ ಕಡಲೆಕಾಳಿನ ಗಾತ್ರದ ಮೆತ್ತನೆ ಚೂರುಗಳಿಗೆ ಇಳಿಯಿರಿ.

ಬೆಂದದ್ದು ಸಾಕೇ ಎಂದು ತಿಳಿಯಲು ತುಂಡನ್ನು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಅದುಮಿ. ಹೆಚ್ಚು ಬಲ ಬೇಡದೆ ಪೂರ್ತಿ ಚಪ್ಪಟೆಯಾಗಬೇಕು. ಒಸಡು ಮಾಡಬಲ್ಲದ್ದು ಅಷ್ಟೇ ಕೆಲಸ. ಹಲ್ಲು ಬಂದಿರಲೇಬೇಕೆಂದಿಲ್ಲ, ಮುಂಬದಿಯ ಹಲ್ಲುಗಳು ಕಚ್ಚುತ್ತವೆ, ಅರೆಯುವ ದವಡೆ ಹಲ್ಲು ಬರುವುದು ಒಂದು ವರ್ಷದ ಆಸುಪಾಸಿಗೆ. ಹೀಗಾಗಿ ಎರಡು ಹಲ್ಲು ಬಂದ ಮಗುವಿನ ಮೇಲೆ ಹೆಚ್ಚು ಕಣ್ಣಿರಲಿ: ಅದು ಅಗಿಯಲಾರದಷ್ಟನ್ನು ಕಚ್ಚಿ ತೆಗೆಯಬಲ್ಲದು.

ಕ್ಯಾರೆಟ್, ಸಿಹಿಗೆಣಸು, ಕುಂಬಳಕಾಯಿಯನ್ನು ಬೆರಳುದ್ದ ಸೀಳಿ 12ರಿಂದ 15 ನಿಮಿಷ ಹಬೆಯಲ್ಲಿ ಬೇಯಿಸಿ, ಆಮೇಲೆ ಅದುಮಿ ನೋಡಿ. ಹೂಕೋಸಿನ ಎಸಳಿಗೆ ತೊಟ್ಟು ಬಿಡಿ, ಅದೇ ಹಿಡಿಕೆಯಾಗುತ್ತದೆ. ಬಾಳೆಹಣ್ಣು ಜಾರುತ್ತದೆ. ಸಿಪ್ಪೆಯನ್ನು ಚೆನ್ನಾಗಿ ತೊಳೆದು ಹಣ್ಣನ್ನು ಅಡ್ಡಕ್ಕೆ ಅರ್ಧ ಮಾಡಿ, ಮೇಲಿನ ಎರಡು ಅಂಗುಲದ ಸಿಪ್ಪೆ ಮಾತ್ರ ಸುಲಿದು, ಉಳಿದ ಸಿಪ್ಪೆಯನ್ನೇ ಹಿಡಿಯಲು ಬಿಡಿ. ಮಗು ಸಿಪ್ಪೆಯನ್ನೂ ಕಚ್ಚತೊಡಗಿದರೆ ಇನ್ನೊಂದು ದಾರಿ ಇದೆ: ಪೂರ್ತಿ ಸುಲಿದ ಹಣ್ಣಿನ ತುದಿಯ ನಡುಮಧ್ಯಕ್ಕೆ ಬೆರಳು ಊರಿ ಮೆಲ್ಲಗೆ ಒತ್ತಿದರೆ ಅದು ತಾನಾಗಿ ಉದ್ದುದ್ದಕ್ಕೆ ಮೂರು ಸೀಳಾಗುತ್ತದೆ. ಒಳಮೈ ಒರಟಾಗಿರುವುದರಿಂದ ಹಿಡಿತಕ್ಕೂ ಸಿಗುತ್ತದೆ. ಮಾವು, ಬೆಣ್ಣೆಹಣ್ಣಿನಂಥ ಜಾರುವ ಹಣ್ಣಿನ ತುಂಡನ್ನು ಓಟ್ಸ್ ಹಿಟ್ಟಿನಲ್ಲಿ ಹೊರಳಿಸಿದರೂ ಸಾಕು.

ಗಂಟಲಿಗೆ ಅಪಾಯ ತರುವುದು ದುಂಡಗೆ, ಗಟ್ಟಿಯಾಗಿ, ನುಣುಪಾಗಿ ಅಥವಾ ಅಂಟಂಟಾಗಿ ಇರುವ ಪದಾರ್ಥ. ಮಗುವಿನ ಶ್ವಾಸನಾಳ ಕಿರಿದು, ಗೋಲಿಯಾಕಾರದ ತುಂಡು ಅದರ ಬಾಯಿಗೆ ಬಿರಡೆಯಂತೆ ಕೂತುಬಿಡುತ್ತದೆ. ಇಡೀ ದ್ರಾಕ್ಷಿ, ಪುಟ್ಟ ಟೊಮೆಟೊ, ಗೋಡಂಬಿ, ಬಾದಾಮಿ, ಕಡಲೆಬೀಜ, ಪಾಪ್‌ಕಾರ್ನ್, ಹಸಿ ಕ್ಯಾರೆಟ್, ಹಸಿ ಸೇಬು, ಬಿಲ್ಲೆಯಾಗಿ ಕತ್ತರಿಸಿದ ಸಾಸೇಜ್, ಚಮಚದಷ್ಟು ಗಟ್ಟಿ ಕಡಲೆಬೀಜದ ಬೆಣ್ಣೆ ಇವು ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಬಹುದು, ಅಡ್ಡಕ್ಕೆ ಕತ್ತರಿಸಬೇಡಿ. ಒಂದು ವರ್ಷದವರೆಗೆ ಜೇನುತುಪ್ಪ ಯಾವ ರೂಪದಲ್ಲೂ ಸಲ್ಲದು, ಅದರಿಂದ ಶಿಶುಗಳಿಗೆ ಬಾಟ್ಯುಲಿಸಂ ಎಂಬ ಗಂಭೀರ ವಿಷಬಾಧೆ ಬರಬಹುದು. ಉಪ್ಪು, ಸಕ್ಕರೆ ಹಾಕಬೇಡಿ.

ಒಂದು ಊಟ, ಹೆಜ್ಜೆ ಹೆಜ್ಜೆಯಾಗಿ

1. ಹಾಲು ಕುಡಿದು 45ರಿಂದ 60 ನಿಮಿಷವಾದ ಮೇಲೆ ಕೂರಿಸಿ. ತೀರಾ ಹಸಿದ ಮಗುವಿಗೆ ಹೊಸದನ್ನು ಕಲಿಯುವ ತಾಳ್ಮೆ ಇರುವುದಿಲ್ಲ, ಹೊಟ್ಟೆ ತುಂಬಿದ ಮಗುವಿಗೆ ಆಸಕ್ತಿ ಇರುವುದಿಲ್ಲ. ನಿದ್ದೆಯ ಹೊತ್ತೂ ಬೇಡ.

2. ನಿಮ್ಮ ಕೈ, ಮಗುವಿನ ಕೈ ಎರಡನ್ನೂ ತೊಳೆಯಿರಿ. ಟಿವಿ, ಫೋನ್ ಬಂದ್. ಎದುರಿಗೆ, ಕಣ್ಣಿಗೆ ಕಣ್ಣು ಸಮವಾಗುವಂತೆ ಕೂರಿ. ಸಾಧ್ಯವಾದರೆ ನೀವೂ ಅದೇ ಹೊತ್ತಿಗೆ ತಿನ್ನಿ. ದವಡೆ ಆಡಿಸುವುದನ್ನು ಮಗು ನೋಡಿ ಕಲಿಯುತ್ತದೆ.

3. ತಟ್ಟೆಯಲ್ಲಿ ಎರಡೇ ತುಂಡು ಇಡಿ. ಹತ್ತು ತುಂಡು ಕಂಡರೆ ಮಗು ಒಂದೋ ತಳ್ಳಿಬಿಡುತ್ತದೆ, ಇಲ್ಲವೇ ಒಟ್ಟಿಗೆ ಬಾಯಿಗೆ ತುರುಕುತ್ತದೆ. ಐದರಿಂದ ಹತ್ತು ನಿಮಿಷ ಅದರ ಪಾಡಿಗೆ ಬಿಡಿ. ತುಂಡನ್ನು ನೀವು ಅದರ ಬಾಯಿಗೆ ಇಡಲೇಬೇಡಿ. ತಾನೇ ಇಟ್ಟುಕೊಂಡಾಗ ನಾಲಿಗೆ ಎಷ್ಟು ಒಳಕ್ಕೆ ಬಿಡಬೇಕೆಂದು ಸಿದ್ಧವಾಗಿರುತ್ತದೆ, ನೀವು ಇಟ್ಟರೆ ಆ ಸಿದ್ಧತೆ ಇರುವುದಿಲ್ಲ.

4. ಬಟ್ಟಲು ಮತ್ತು ಎರಡು ಚಮಚ ತನ್ನಿ. ಮೊದಲ ಚಮಚದ ತುದಿಯಲ್ಲಿ ಅರ್ಧ ಟೀ ಚಮಚದಷ್ಟು ಅದ್ದಿ, ಹಿಡಿಕೆ ಮಗುವಿನ ಕಡೆ ಇರುವಂತೆ ಚಾಚಿ. ಕಸಿದುಕೊಂಡು ಬಾಯಿಗೆ ಇಟ್ಟರೆ ಸರಿ. ಅದು ಚೀಪುತ್ತಿರುವಾಗ ಎರಡನೆಯದನ್ನು ತುಂಬಿಕೊಳ್ಳಿ. ಚಮಚಕ್ಕಾಗಿ ಜಗ್ಗಾಟ ಹುಟ್ಟುವುದೇ ಇಲ್ಲ. ಹಿಡಿಕೆ ಗಿಡ್ಡ, ದಪ್ಪ, ಬಟ್ಟಲಭಾಗ ಆಳವಿಲ್ಲದ್ದು ಆಗಿರಲಿ.

5. ನೀವು ಉಣಿಸುವ ಸರದಿಯಲ್ಲಿ ಚಮಚವನ್ನು ಬಾಯಿಂದ ಒಂದು ಗೇಣಿನಷ್ಟು ದೂರ, ನೇರ ಮುಂದೆ ಹಿಡಿದು ನಿಲ್ಲಿಸಿ. ಮಗು ನೋಡಲಿ. ಮುಂದಕ್ಕೆ ಬಾಗಿ ಬಾಯಿ ತೆರೆದರೆ ಮಾತ್ರ ಒಯ್ಯಿರಿ. ಕೆಳತುಟಿಯ ಮೇಲೆ ಊರಿ ಮೇಲ್ತುಟಿ ಮುಚ್ಚುವ ತನಕ ಕಾದು, ನೇರ ಹೊರಕ್ಕೆ ಎಳೆಯಿರಿ. ಮೇಲ್ತುಟಿಗೆ, ಒಸಡಿಗೆ ಉಜ್ಜಿ ಸುರಿಯುವ ಅಭ್ಯಾಸ ಬಹಳ ಜನರಿಗಿದೆ. ಹಾಗೆ ಮಾಡಿದರೆ ಮಗು ತುಟಿಯಿಂದ ಎಳೆದುಕೊಳ್ಳುವುದನ್ನು ಕಲಿಯುವುದಿಲ್ಲ.

6. ಬಾಯಲ್ಲಿ ತುಂಡು ಇರುವಾಗ ಚಮಚ ಕೊಡಬೇಡಿ. ಎರಡು ವಿಧಾನ ಬೆರೆಸಿದಾಗ ಹೊಸದಾಗಿ ಹುಟ್ಟುವ ಅಪಾಯ ಇದೊಂದೇ, ಮತ್ತು ಇದು ಸಣ್ಣದಲ್ಲ. ಅಗಿಯುವ ತುಂಡನ್ನು ನಾಲಿಗೆ ಬದಿಗೆ ತಳ್ಳಬೇಕು, ನುಣ್ಣನೆಯದನ್ನು ಹಿಂದಕ್ಕೆ ಸಾಗಿಸಬೇಕು. ಎರಡೂ ಒಟ್ಟಿಗೆ ಬಂದರೆ ನುಣ್ಣನೆಯದರ ಜೊತೆ ಅಗಿಯದ ತುಂಡೂ ಹಿಂದಕ್ಕೆ ಜಾರುತ್ತದೆ. ತೆಳು ಸೂಪಿನಲ್ಲಿ ತೇಲುವ ತರಕಾರಿ ತುಂಡುಗಳೂ ಮೊದಲ ತಿಂಗಳುಗಳಲ್ಲಿ ಬೇಡವೆನ್ನುವುದು ಇದೇ ಕಾರಣಕ್ಕೆ.

7. ಮುಖ ತಿರುಗಿಸಿದರೆ, ತುಟಿ ಬಿಗಿದರೆ, ಚಮಚ ತಳ್ಳಿದರೆ ಒಮ್ಮೆ ನಿಂತು ಅರ್ಧ ನಿಮಿಷ ಕಾದು ಇನ್ನೊಮ್ಮೆ ತೋರಿಸಿ. ಮತ್ತೆ ಬೇಡವೆಂದರೆ ಊಟ ಮುಗಿಯಿತು. ಸಾಮಾನ್ಯವಾಗಿ 20 ನಿಮಿಷ ಸಾಕು, 30 ನಿಮಿಷ ದಾಟಿಸಬೇಡಿ.

8. ತೆರೆದ ಪುಟ್ಟ ಲೋಟದಲ್ಲಿ ಒಂದೆರಡು ಗುಟುಕು ನೀರು ಕುಡಿಸಿ. ಕುರ್ಚಿಯಿಂದ ಇಳಿಸುವ ಮುನ್ನ ನೀವು ಬಾಯಿ ಅಗಲಿಸಿ 'ಆ' ಎನ್ನಿ, ಮಗುವೂ ತೆರೆಯುತ್ತದೆ. ಅಂಗುಳಕ್ಕೆ ಅಂಟಿದ ಬಾಳೆಹಣ್ಣು, ಕೆನ್ನೆಯಲ್ಲಿ ಉಳಿದ ತುಂಡು ಕಾಣುವುದು ಆಗಲೇ. ಮುಖ ಒರೆಸುವುದು ಕೊನೆಗೆ ಒಂದೇ ಸಲ.

ತುಂಡು ಮೊದಲೋ ಚಮಚ ಮೊದಲೋ ಎಂದರೆ, ಹೆಚ್ಚಿನ ದಿನ ತುಂಡೇ ಮೊದಲು. ಕುತೂಹಲ ತಾಜಾ ಇರುವಾಗ ಕಷ್ಟದ ಕೆಲಸ ಮುಗಿಯುತ್ತದೆ. ಅಳುತ್ತಾ ಕೂತ ದಿನ ನಾಲ್ಕು ಚಮಚ ಕೊಟ್ಟು ಹಸಿವಿನ ಬಿಸಿ ಇಳಿಸಿ, ಆಮೇಲೆ ತುಂಡಿಡಿ.

ಓಕರಿಕೆ ಯಾವುದು, ಉಸಿರುಗಟ್ಟುವುದು ಯಾವುದು

ಈ ವಯಸ್ಸಿನಲ್ಲಿ ಓಕರಿಕೆ ಹುಟ್ಟಿಸುವ ಜಾಗ ನಾಲಿಗೆಯ ಮೇಲೆ ತೀರಾ ಮುಂದಿರುತ್ತದೆ. ತುಂಡು ಗಂಟಲ ಹತ್ತಿರವೂ ಹೋಗುವ ಮುನ್ನ ಮಗು ಓಕರಿಸಿ ಅದನ್ನು ಮುಂದಕ್ಕೆ ತರುತ್ತದೆ. ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆಮ್ಮು, ಸದ್ದು ಇರುತ್ತದೆ. ಆಗ ಬೆನ್ನಿಗೆ ಬಡಿಯಬೇಡಿ, ಬೆರಳು ಹಾಕಬೇಡಿ. ಬೆರಳು ತುಂಡನ್ನು ಇನ್ನೂ ಒಳಕ್ಕೆ ನೂಕೀತು. ಮುಖದಲ್ಲಿ ಗಾಬರಿ ತೋರದೆ ಹತ್ತಿರ ಇರಿ.

ಉಸಿರುಗಟ್ಟಿದಾಗ ಸದ್ದಿರುವುದಿಲ್ಲ. ಅಳಲಾಗದು, ಕೆಮ್ಮಲಾಗದು, ತುಟಿ ನೀಲಿಗಟ್ಟುತ್ತದೆ. ಕೂಡಲೇ ಯಾರಿಗಾದರೂ ತುರ್ತು ಸೇವೆಗೆ ಕರೆ ಮಾಡಲು ಹೇಳಿ. ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗಿರುವಂತೆ ದವಡೆಗೆ ಆಸರೆ ಕೊಟ್ಟು, ಅಂಗೈ ಬುಡದಿಂದ ಎರಡು ಹೆಗಲೆಲುಬುಗಳ ನಡುವೆ 5 ಸಲ ಬಲವಾಗಿ ತಟ್ಟಿ. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಮೂಳೆಯ ಕೆಳ ಅರ್ಧಭಾಗವನ್ನು 5 ಸಲ ಒತ್ತಿ. ತುಂಡು ಬರುವ ತನಕ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಒಂದು ವರ್ಷದೊಳಗಿನ ಮಗುವಿನ ಹೊಟ್ಟೆ ಒತ್ತಬಾರದು. ಪ್ರಜ್ಞೆ ತಪ್ಪಿದರೆ ಸಿಪಿಆರ್ (ಎದೆ ಒತ್ತುತ್ತಾ ಬಾಯಿಯಿಂದ ಉಸಿರು ಕೊಡುವುದು) ಶುರುಮಾಡಬೇಕು. ಇದನ್ನು ಓದಿ ಕಲಿಯುವುದಕ್ಕಿಂತ ತರಬೇತಿಯಲ್ಲಿ ಗೊಂಬೆಯ ಮೇಲೆ ಮಾಡಿ ಕಲಿಯಬೇಕು, ಮಗುವಿಗೆ ಉಣಿಸುವ ಪ್ರತಿಯೊಬ್ಬರೂ ಕಲಿಯಬೇಕು.

ಕೈಯಿಂದ ತಿನ್ನಲು ಬಿಟ್ಟರೆ ಅಪಾಯ ಹೆಚ್ಚು ಎಂಬ ಭಯ ಸಹಜ. ನ್ಯೂಜಿಲೆಂಡಿನಲ್ಲಿ 206 ಶಿಶುಗಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುರಕ್ಷತೆಯ ಸಲಹೆ ಪಡೆದು ಕೈಯಿಂದ ತಿಂದ ಮಕ್ಕಳಿಗೂ ಚಮಚದಲ್ಲಿ ಉಂಡ ಮಕ್ಕಳಿಗೂ ಉಸಿರುಗಟ್ಟುವುದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅದೇ ಅಧ್ಯಯನದಲ್ಲಿ ಎರಡೂ ಗುಂಪಿನ ಅನೇಕ ಮಕ್ಕಳಿಗೆ ಅಪಾಯಕಾರಿ ಆಹಾರ ಸಿಕ್ಕಿತ್ತು ಎಂಬುದನ್ನೂ ಮರೆಯಬಾರದು. ಯಾರ ಕೈಯಿಂದ ತಿನ್ನುತ್ತದೆ ಎಂಬುದಕ್ಕಿಂತ ಏನು ತಿನ್ನುತ್ತದೆ, ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಮುಖ್ಯ.

ತಿಂಗಳು ಕಳೆದಂತೆ

ಮೊದಲ ವಾರ ದಿನಕ್ಕೊಂದು ಸಲ, ಒಂದೆರಡು ಟೀ ಚಮಚ ನುಣ್ಣನೆಯದು, ಜೊತೆಗೆ ಎರಡು ತುಂಡು. ಬೇಗನೆ ಎರಡು ಊಟಕ್ಕೆ, ಪ್ರತಿ ಸಲ 2ರಿಂದ 3 ಊಟದ ಚಮಚಕ್ಕೆ ಏರಿಸಿ. ಎಂಟನೇ ತಿಂಗಳ ಕೊನೆಗೆ ದಿನಕ್ಕೆ 2–3 ಊಟ, 250 ಮಿ.ಲೀ. ಬಟ್ಟಲಲ್ಲಿ ಅರ್ಧದಷ್ಟು. 9ರಿಂದ 11 ತಿಂಗಳಲ್ಲಿ ಅದೇ ಅಳತೆ, 3–4 ಊಟ, ನಡುವೆ ಒಂದೆರಡು ತಿಂಡಿ. ಇವು ಬಡಿಸುವುದಕ್ಕೆ ಅಂದಾಜು. ಬಟ್ಟಲು ಖಾಲಿ ಮಾಡಿಸುವ ಗುರಿಗಳಲ್ಲ. ಪೂರಕ ಆಹಾರದಿಂದ ದಿನಕ್ಕೆ ಬೇಕಾಗುವ ಶಕ್ತಿ 6–8 ತಿಂಗಳಲ್ಲಿ ಸುಮಾರು 200 ಕಿಲೋಕ್ಯಾಲೊರಿ, 9–11ರಲ್ಲಿ 300. ಉಳಿದದ್ದು ಹಾಲಿನಿಂದ, ಆದ್ದರಿಂದ ಹಾಲು ತಟ್ಟನೆ ಕಡಿಮೆ ಮಾಡಬೇಡಿ.

ಚಮಚದ ಆಹಾರ ನುಣ್ಣಗೇ ಉಳಿದುಬಿಡುವುದು ಈ ಹಾದಿಯಲ್ಲಿ ಆಗುವ ದೊಡ್ಡ ತಪ್ಪು. ಎರಡು, ಮೂರು ವಾರವಾದ ಮೇಲೆ ಮಿಕ್ಸಿ ಬಿಟ್ಟು ಫೋರ್ಕಿನಿಂದ ಕಿವುಚಿ. ಎಂಟನೇ ತಿಂಗಳಿಗೆ ಸಣ್ಣ ಮೃದು ಗಂಟುಗಳು ಇರಲಿ. ಬ್ರಿಟನ್ನಿನ ದೀರ್ಘಕಾಲದ ಅಧ್ಯಯನವೊಂದರಲ್ಲಿ, ಗಂಟುಗಂಟಾದ ಆಹಾರವನ್ನು 10ನೇ ತಿಂಗಳ ನಂತರ ಶುರುಮಾಡಿದ ಮಕ್ಕಳಿಗೆ 15ನೇ ತಿಂಗಳಲ್ಲಿ ಉಣಿಸುವುದು ಹೆಚ್ಚು ಕಷ್ಟವಾಗಿತ್ತು. ಹತ್ತನೇ ತಿಂಗಳ ಹೊತ್ತಿಗೆ ಊಟದ ಅರ್ಧ ಭಾಗವಾದರೂ ಮಗುವಿನ ಕೈಯಿಂದಲೇ ನಡೆಯಲಿ.

ಅಲರ್ಜಿ ತರಬಲ್ಲ ಆಹಾರ

ಮೊಟ್ಟೆ, ಕಡಲೆಬೀಜ, ಗೋಧಿ, ಹಾಲಿನ ಪದಾರ್ಥ, ಮೀನು, ಸೋಯಾ, ಎಳ್ಳು ಇವನ್ನು ತಡಮಾಡಿದರೆ ಲಾಭವಿಲ್ಲ. ಅಲರ್ಜಿಯ ಅಪಾಯ ಹೆಚ್ಚಿದ್ದ ಶಿಶುಗಳಿಗೆ ಕಡಲೆಬೀಜವನ್ನು ಬೇಗ ಶುರುಮಾಡಿ ನಿಯಮಿತವಾಗಿ ಕೊಟ್ಟಾಗ ಅದರ ಅಲರ್ಜಿ ಬಹುಪಾಲು ತಗ್ಗಿದ್ದನ್ನು ಲಂಡನ್ನಿನ ಅಧ್ಯಯನವೊಂದು 2015ರಲ್ಲಿ ತೋರಿಸಿತು. ಇವುಗಳನ್ನು ಚಮಚದಿಂದ ಶುರುಮಾಡಿ, ಒಳಗೆ ಎಷ್ಟು ಹೋಯಿತೆಂದು ತಿಳಿಯುತ್ತದೆ. ಒಂದು ಸಲಕ್ಕೆ ಒಂದೇ ಹೊಸದು, ಬೆಳಗಿನ ಊಟದಲ್ಲಿ, ಕಾಲು ಟೀ ಚಮಚದಷ್ಟು. ಕಡಲೆಬೀಜದ ಬೆಣ್ಣೆಯನ್ನು ಬಿಸಿನೀರಿನಲ್ಲಿ ಕದಡಿ ಸಡಿಲ ಮಾಡಿ, ತಣಿಸಿ ಕೊಡಿ. ಮೊಟ್ಟೆ ಪೂರ್ತಿ ಬೆಂದಿರಲಿ. ತೀವ್ರ ಇಸುಬು ಇರುವ ಅಥವಾ ಆಗಲೇ ಯಾವುದಾದರೂ ಆಹಾರದ ಅಲರ್ಜಿ ಕಂಡ ಮಗುವಿಗೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಬಾಯಿ ಸುತ್ತ ಆಹಾರ ತಗುಲಿದ ಕಡೆ ಮಾತ್ರ ಚರ್ಮ ತುಸು ಕೆಂಪಾದರೆ ಅದು ಹುಳಿಯಿಂದಲೂ ಆಗುತ್ತದೆ. ಮೈಮೇಲೆ ದದ್ದು, ತುಟಿ ಅಥವಾ ಕಣ್ಣಿನ ಊತ, ಪದೇ ಪದೇ ವಾಂತಿ, ಏದುಸಿರು ಕಂಡರೆ ತಕ್ಷಣ ಆಸ್ಪತ್ರೆಗೆ. ತಿಂದು ಒಂದರಿಂದ ನಾಲ್ಕು ಗಂಟೆಯ ನಂತರ ಜೋರು ವಾಂತಿಯಾಗಿ ಮಗು ಬಿಳಿಚಿಕೊಂಡು ಸುಸ್ತಾದರೂ ಹಾಗೆಯೇ.

ಎಲ್ಲಿ ಎಡವುತ್ತದೆ

ಚಮಚ ಬೇಡ, ತುಂಡು ಮಾತ್ರ ಎನ್ನುವ ಮಗುವಿಗೆ ಚಮಚವನ್ನು ಪೂರ್ತಿ ಅದರ ಕೈಗೇ ಬಿಡಿ, ಇಲ್ಲವೇ ಮಂದವಾದ ಬೇಳೆಯನ್ನು ಮೆತ್ತನೆ ತರಕಾರಿ ಕಡ್ಡಿಯ ತುದಿಗೆ ಅದ್ದಿ ಹಿಡಿಯಲು ಕೊಡಿ. ಕಬ್ಬಿಣಾಂಶ ಆ ದಾರಿಯಲ್ಲೂ ಹೋಗುತ್ತದೆ. ತುಂಡು ಮುಟ್ಟಲೂ ಒಪ್ಪದ ಮಗುವಿನ ಮುಂದೆ, ಚಮಚದಲ್ಲಿ ಉಣ್ಣುವಾಗಲೂ ಪ್ರತಿದಿನ ಒಂದು ತುಂಡು ಸುಮ್ಮನೆ ಇರಲಿ. ಹೊಸ ರುಚಿಯನ್ನು ಒಪ್ಪಿಕೊಳ್ಳಲು ಎಂಟು, ಹತ್ತು ಸಲ ಎದುರಾಗಬೇಕಾಗಬಹುದು. ಎರಡನೇ ಸಲಕ್ಕೇ ಅದಕ್ಕೆ ಇಷ್ಟವಿಲ್ಲ ಎಂದು ಕೈಬಿಡಬೇಡಿ.

ಎಲ್ಲವನ್ನೂ ಕೆಳಗೆಸೆಯುತ್ತಿದ್ದರೆ ಊಟದ ಶುರುವಿನಲ್ಲೋ ಕೊನೆಯಲ್ಲೋ ನೋಡಿ. ಕೊನೆಯಲ್ಲಾದರೆ ಹೊಟ್ಟೆ ತುಂಬಿದೆ ಎಂದರ್ಥ. ಬಾಯಿಗೆ ಮಿತಿಮೀರಿ ತುರುಕಿಕೊಳ್ಳುವ ಮಗುವಿಗೆ ಒಂದು ಸಲಕ್ಕೆ ಒಂದೇ ತುಂಡು ಕೊಡಿ. ಹೊಟ್ಟೆ ಕಟ್ಟಿದರೆ ನೀರು ಸ್ವಲ್ಪ ಹೆಚ್ಚಿಸಿ, ಪೇರ್ ಅಥವಾ ಒಣ ಪ್ಲಮ್ ಬೇಯಿಸಿ ಕಿವುಚಿ ಕೊಡಿ. ಮಲದಲ್ಲಿ ಕ್ಯಾರೆಟ್ ಚೂರು ಹಾಗೇ ಕಾಣುವುದು, ಬಾಳೆಹಣ್ಣು ತಿಂದ ಮರುದಿನ ಕಪ್ಪು ದಾರದ ಎಳೆಯಂಥವು ಕಾಣುವುದು ಸಾಮಾನ್ಯ; ಅವು ಹುಳುಗಳಲ್ಲ. ತೂಕ ನಿಂತರೆ, ಪ್ರತಿ ಊಟದಲ್ಲೂ ಕೆಮ್ಮು ಬಂದರೆ, ಒಂಬತ್ತು ತಿಂಗಳಾದರೂ ಗಂಟಿನ ಆಹಾರಕ್ಕೆಲ್ಲ ವಾಂತಿಯಾದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಉಣಿಸುವವರು ಇಬ್ಬರು, ಮೂವರಿದ್ದರೆ ಎಲ್ಲರಿಗೂ ಮೂರು ಮಾತು ಹೇಳಿಡಿ: ತುಂಡನ್ನು ಬಾಯಿಗೆ ಇಡಬೇಡಿ, ಬಾಯಿ ಖಾಲಿಯಾಗದೆ ಚಮಚ ಬೇಡ, ಬೇಡವೆಂದರೆ ನಿಲ್ಲಿಸಿ.

ಮಾಡಿಟ್ಟುಕೊಳ್ಳುವುದು

ಬೇಯಿಸಿದ್ದನ್ನು ಬೇಗ ತಣಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಐಸ್ ತಟ್ಟೆಯ ಗುಳಿಗಳಲ್ಲಿ ಹೆಪ್ಪುಗಟ್ಟಿಸಿದರೆ ಗುಳಿಯೊಂದರಲ್ಲಿ 15ರಿಂದ 30 ಮಿ.ಲೀ. ಸಿಗುತ್ತದೆ, ಒಂದು ಊಟಕ್ಕೆ ಎಷ್ಟು ಬೇಕೋ ಅಷ್ಟೇ ತೆಗೆಯಬಹುದು. ಹಬೆಯಾಡುವ ತನಕ ಒಂದೇ ಸಲ ಬಿಸಿ ಮಾಡಿ, ಕಲಸಿ, ನಿಮ್ಮ ಮಣಿಕಟ್ಟಿಗೆ ಹಚ್ಚಿ ಬಿಸಿ ನೋಡಿ. ಉಣಿಸಲು ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ಹಾಕಿಕೊಳ್ಳಿ. ಮಗುವಿನ ಬಾಯಿಗೆ ಹೋಗಿ ಬಂದ ಚಮಚ ಅದ್ದಿದ ಆಹಾರಕ್ಕೆ ಜೊಲ್ಲು ಬೆರೆತಿರುತ್ತದೆ. ಜೊಲ್ಲಿನ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಮಂದವಾಗಿದ್ದ ಗಂಜಿ ಸ್ವಲ್ಪ ಹೊತ್ತಿಗೆ ನೀರಾಗುತ್ತದೆ, ಜೊತೆಗೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆ ಬಟ್ಟಲಲ್ಲಿ ಉಳಿದದ್ದನ್ನು ಮುಂದಿನ ಊಟಕ್ಕೆ ಎತ್ತಿಡದೆ ಚೆಲ್ಲಿಬಿಡಿ.